ಕಾಲ್ಮರಿ ಕಲ್ಲಿನ ಆಚೆ

ಕಲ್ಲಕೊಪ್ಪದ ಮಠಕ್ಕೆ ಮಠವೆಂಬ ಹೆಸರಿತ್ತೇ ಹೊರತು, ಹೊಸದಾಗಿ ಬಂದವರ ಕಣ್ಣಿಗೆ ಅದು ಕುರಿ ಕಾಯುವವರು ಮಳೆಗಾಲಕ್ಕೆಂದು ಕಟ್ಟಿಕೊಂಡ ಮನೆಯ ಹಾಗೆ ಕಾಣುತ್ತಿತ್ತು. ಹಾಸುಗಲ್ಲಿನ ಮಾಳಿಗೆ, ಎರಡು ಕೋಣೆ, ಮುಂದೊಂದು ಕಟ್ಟೆ. ಆ ಕಟ್ಟೆಯ ಮೇಲೆ ಕರಿಯ ಕಂಬಳಿ ಹಾಸಿಕೊಂಡು ಪೂಜ್ಯ ಶ್ರೀ ಶಾಂತಮಲ್ಲ ಅಪ್ಪಗಳು ತಮ್ಮ ಬಾಳಿನ ಬಹುಭಾಗವನ್ನು ಕಳೆದರು. ಅವರಿಗೆ ಪಲ್ಲಕ್ಕಿಯಿರಲಿಲ್ಲ. ಬೆಳ್ಳಿಯ ಪಾದುಕೆಯ ಮಾತಂತೂ ಇರಲಿ, ಚರ್ಮದ ಕಾಲ್ಮರಿಯೂ, ಅಂದರೆ ಸಾದಾ ಚಪ್ಪಲಿಯೂ, ಇರಲಿಲ್ಲ. ಭಕ್ತರು ತಂದ ಜೋಳದ ರೊಟ್ಟಿ, ಪುಂಡಿಪಲ್ಲೆಯ ಪ್ರಸಾದ, ಇಷ್ಟಲಿಂಗ ಪೂಜೆ, ಬಂದವರ ಮಾತು ಕೇಳುವುದು, ಇಷ್ಟೇ ಅವರ ದಿನಚರಿ. ಕೇಳುವುದು ಎಂದು ಬೇಕೆಂದೇ ಬರೆದಿದ್ದೇನೆ, ಏಕೆಂದರೆ ಅವರು ಆಡುತ್ತಿದ್ದದ್ದು ಬಹಳ ಕಡಿಮೆ.

ಮಠದ ಬೆನ್ನಿಗೇ ಕಾವಲು. ಹಿಂದೆಂದೋ ದೇಸಾಯರು ಮಠಕ್ಕೆ ಬಿಟ್ಟುಕೊಟ್ಟ ಹುಲ್ಲುನೆಲ ಅದು. ಸುತ್ತಲಿನ ಕಪ್ಪು ಎರೆ ಹೊಲಗಳಲ್ಲಿ ಹತ್ತಿ, ಜೋಳ, ಕಡಲೆ ಬೆಳೆಯುತ್ತಿದ್ದರೆ, ಇದು ಸಣ್ಣ ಕಲ್ಲಿನ ಗರಸು ಕೂಡಿದ ಕೆಂಪು ಮಸಾರಿ ನೆಲ. ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲು, ಒಂದು ಗಿಡವಿಲ್ಲ. ಬೇಸಿಗೆಯಲ್ಲಿ ಒಣಗಿ ಬಣ್ಣಗೆಟ್ಟು ನಿಂತಾಗ ಅಯ್ಯೋ ಎನಿಸುತ್ತಿತ್ತು. ಸರ್ಕಾರದ ಕಾಗದಪತ್ರಗಳಲ್ಲೂ ಅದನ್ನು 'ಬೀಳು' ಎಂದೇ ಬರೆದಿದ್ದರು. ಬಿದ್ದದ್ದನ್ನು ಎತ್ತಿ ನಿಲ್ಲಿಸಬೇಕೆಂದು ಮನುಷ್ಯರಿಗೆ ಅನಿಸುವುದು ಸಹಜವೇ.

ಈ ಕಾವಲಿನ ವಿಷಯದಲ್ಲಿ ನಮಗೆಲ್ಲ ಎರಡು ಸೋಜಿಗಗಳಿದ್ದವು. ಒಂದು, ಸಕಲ ಜೀವರಲ್ಲಿ ಲಿಂಗವನ್ನು ಕಾಣುತ್ತಿದ್ದ ಅಪ್ಪಗಳು ಅಲ್ಲಿ ಒಂದೇ ಒಂದು ಸಸಿ ಹಚ್ಚಲು ಯಾರಿಗೂ ಅಪ್ಪಣೆ ಕೊಟ್ಟಿರಲಿಲ್ಲ. ಬೇರೆ ಮಠಗಳಲ್ಲಿ ಮಾವಿನ ತೋಪು, ಬಿಲ್ವದ ವನ, ಹೂವಿನ ತೋಟ. ನಮ್ಮಲ್ಲಿ ಕೈತೊಳೆಯುವ ನೀರು ಹರಿಯುವಲ್ಲಿ ತಾನಾಗಿ ಹುಟ್ಟಿದ ಒಂದು ಬನ್ನಿಗಿಡ, ಅಷ್ಟೇ. ಇನ್ನೊಂದು, ಬಸವ ಜಯಂತಿಯಿಂದ ನಾಗರಪಂಚಮಿಯವರೆಗೆ ಕಾವಲಿಗೆ ಕುರಿದನ ಬಿಡುವಂತಿರಲಿಲ್ಲ, ಮನುಷ್ಯರೂ ಕಾಲ್ಮರಿ ಮೆಟ್ಟಿ ಒಳಗೆ ಹೋಗುವಂತಿರಲಿಲ್ಲ. ಅಂಚಿನಲ್ಲಿ ಚಪ್ಪಟೆಯಾದ ಒಂದು ಬಂಡೆಯಿತ್ತು. ಕಾಲ್ಮರಿಯನ್ನು ಅದರ ಮೇಲೆ ಬಿಟ್ಟೇ ಮುಂದೆ ಹೋಗಬೇಕು. ಅದಕ್ಕೆ ಕಾಲ್ಮರಿ ಕಲ್ಲು ಎಂದೇ ಹೆಸರು.

ಏಕೆ ಹೀಗೆ ಎಂದರೆ ಒಬ್ಬೊಬ್ಬರದು ಒಂದೊಂದು ಕಥೆ. ಹಿಂದಿನ ಸಿದ್ಧರೊಬ್ಬರು ಈಗಲೂ ಅಲ್ಲಿ ಅಡ್ಡಾಡುತ್ತಾರೆ ಎಂದು ಮುದುಕಿಯರು ಹೇಳುತ್ತಿದ್ದರು. ನಾಗಪ್ಪನ ಮನೆಗಳಿವೆ ಎಂದು ಕೆಲವರು. ಊರ ಹಿರಿಯರಾದ ದ್ಯಾಮನಗೌಡರಂತೂ, ಮೆಟ್ಟಿಕೊಂಡು ಹೋದವನ ಅಂಗಾಲಿಗೆ ಕುರು ಏಳುತ್ತದೆ ಎಂದು ಕಂಡವರ ಹಾಗೆ ಸಾರುತ್ತಿದ್ದರು. ಯಾರಿಗೆ ಎದ್ದಿತ್ತು ಎಂದು ಕೇಳಿದರೆ ಮಾತ್ರ ಅವರಿಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಅಪ್ಪಗಳನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಆ ನಗೆಯ ಹಿಂದೆ ಏನಿದೆ ಎಂಬ ಕುತೂಹಲ ನನಗೆ ಚಿಕ್ಕಂದಿನಿಂದ ಇತ್ತು. ಅದು ತೀರಿದ್ದು ಸಂಗನಬಸಪ್ಪ ಸಾವಕಾರರಿಂದ. ಅವರ ಬಾಯಿಂದಲೇ ಕೇಳಿದ್ದನ್ನು ಇಲ್ಲಿ ಭಕ್ತಿಯಿಂದ ನಿವೇದಿಸುತ್ತೇನೆ.

ಸಂಗನಬಸಪ್ಪನವರು ತಾಲೂಕಿನ ಪೇಟೆಯಲ್ಲಿ ಹತ್ತಿಯ ಜಿನ್ನು ನಡೆಸುತ್ತಿದ್ದವರು. ಹೊಲದಿಂದ ಬಂದ ಹತ್ತಿಯಿಂದ ಕಾಳು ಬೇರೆ, ಅರಳೆ ಬೇರೆ ಮಾಡುವ ಕಾರಖಾನೆ ಅದು. ಸುಗ್ಗಿಯ ಕಾಲಕ್ಕೆ ಅದರ ಸುತ್ತಲ ಓಣಿಗಳಲ್ಲಿ ಬಿಳಿಯ ದೂಳು ಹಾರಾಡುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಗಡಿಗೆಯ ನೀರಿನ ಮೇಲೆ, ಮಕ್ಕಳ ಹುಬ್ಬಿನ ಮೇಲೆ ಕೂಡ. ಜಿನ್ನಿಗೆ ಹೊಂದಿಯೇ ಅವರ ಮನೆ. ಮದುವೆಯಾಗಿ ಬಹಳ ಕಾಲದ ಮೇಲೆ ಹುಟ್ಟಿದ ಒಬ್ಬಳೇ ಮಗಳು, ಮುಕ್ತಾ. ಆ ಕೂಸಿಗೆ ದಮ್ಮು ಹತ್ತಿತು. ಹುಬ್ಬಳ್ಳಿಯ ದವಾಖಾನೆ, ಮಿರಜದ ದವಾಖಾನೆ, ಎಲ್ಲ ಆಯಿತು. ಶಾಲೆಗೆ ಹೋಗುವ ವಯಸ್ಸಿನ ಮಗು ತಂದೆಯ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಉಸಿರಿಗೆ ತಡಕಾಡಿ, ಒಂದು ಮುಂಜಾನೆ ಹೋಗಿಬಿಟ್ಟಿತು.

ಅವರು ಮೊದಲೂ ದೇವರು, ಮಠ ಎಂದವರಲ್ಲ. ಅಂದಿನಿಂದ ಆ ಹೆಸರೆತ್ತಿದರೆ ಸಿಡಿಯುತ್ತಿದ್ದರು. ಪಾದಪೂಜೆಗೆ ಕರೆಯಲು ಬಂದವರಿಗೆ, "ನನ್ನ ಕೂಸಿಗೆ ಒಂದ್ ಉಸಿರು ಕೊಡಲಾರದವರ ಕಾಲು ತೊಳೀಲೇನು?" ಎಂದು ಕೇಳಿ ಹಿಂದಕ್ಕೆ ಕಳಿಸಿದ್ದರಂತೆ. ಆ ಮಾತಿಗೆ ಸಿಟ್ಟಾಗುವುದು ಸುಲಭ, ಉತ್ತರ ಕೊಡುವುದು ಕಷ್ಟ. ಗಿಡಮರಗಳಿದ್ದಲ್ಲಿ ಗಾಳಿ ಚೊಕ್ಕಟವಿರುತ್ತದೆ ಎಂದು ದವಾಖಾನೆಯಲ್ಲಿ ಯಾರೋ ಅಂದಿದ್ದ ಮಾತು ಮಾತ್ರ ಅವರ ತಲೆಯಲ್ಲಿ ಉಳಿದುಕೊಂಡಿತ್ತು. ಮಗಳ ಸಮಾಧಿಯ ಮೇಲೆ ಕೈಯಿಟ್ಟು, ನಿನ್ನ ಹೆಸರಿನಲ್ಲಿ ಒಂದು ಅಡವಿಯನ್ನೇ ಮಾಡುತ್ತೇನೆ ಎಂದು ಮಾತು ಕೊಟ್ಟರು. ಮುಂದೆ ಬದುಕಿದ್ದದ್ದು ಆ ಮಾತಿಗಾಗಿಯೇ ಎಂದರೂ ಸರಿ.

ಅಡವಿಗೆ ಜಾಗ ಬೇಕಲ್ಲ! ಎರೆ ಹೊಲ ಯಾರು ಕೊಡುತ್ತಾರೆ? ಆಗ ಅವರ ಕಣ್ಣಿಗೆ ಬಿದ್ದದ್ದು ಕಲ್ಲಕೊಪ್ಪದ ಬೀಳು ಕಾವಲು. ದ್ಯಾಮನಗೌಡರಿಗೆ ಸುದ್ದಿ ಮುಟ್ಟಿದ್ದೇ ತಡ, ಅವರು ಹಿಗ್ಗಿ ಹೀರೇಕಾಯಿಯಾದರು. ಮಠಕ್ಕೆ ಒಂದು ತೋಪು ಆಗಬೇಕು, ಅದರ ನೆರಳಿನಲ್ಲಿ ತಾವು ಕುರ್ಚಿ ಹಾಕಿಕೊಂಡು ಕೂಡಬೇಕು ಎಂಬುದು ಅವರ ಬಹುದಿನದ ಆಸೆ. ರೋಹಿಣಿ ಮಳೆಗೆ ಇನ್ನೇನು ಹತ್ತಿರವಿದೆ ಎನ್ನುವಾಗ, ಸಾವಕಾರರನ್ನು ಕರೆದುಕೊಂಡು ಮಠಕ್ಕೆ ಬಂದರು.

ಅಪ್ಪಗಳು ಕಟ್ಟೆಯ ಮೇಲೆ ಕುಳಿತು ಕಂಬಳಿಯ ಹರಕನ್ನು ಹೊಲಿಯುತ್ತಿದ್ದರು. ಗೌಡರು ಅಡ್ಡಬಿದ್ದರು. ಸಾವಕಾರರು ನಿಂತೇ ಇದ್ದರು.

"ಸ್ವಾಮಿಗಳ್ರೀ, ಮೊದಲಽ ಹೇಳ್ತೀನಿ. ನಾ ದೇವರಿಗಂತ ಬಂದಿಲ್ಲ, ಆಶೀರ್ವಾದಕ್ಕಂತ ಬಂದಿಲ್ಲ. ನನಗ ಜಾಗ ಬೇಕು," ಎಂದರು.

ಗೌಡರ ಮುಖ ಸಪ್ಪಗಾಯಿತು. ಅಪ್ಪಗಳು ಸೂಜಿಯನ್ನು ಕಂಬಳಿಗೆ ಚುಚ್ಚಿಟ್ಟು, "ಕುಂದರ್ರಿ" ಎಂದರು.

ಸಾವಕಾರರು ಎಲ್ಲವನ್ನೂ ಹೇಳಿದರು. ಬೇವು, ಹೊಂಗೆ, ಬೇಗ ಬೆಳೆಯುವ ನೀಲಗಿರಿ, ಲಾರಿಗಟ್ಟಲೆ ಸಸಿ ತರಿಸುವುದು, ಆಳು ಹಚ್ಚಿ ತಗ್ಗು ತೋಡಿಸುವುದು, ಬೇಸಿಗೆಯಲ್ಲಿ ಟ್ಯಾಂಕರಿನಲ್ಲಿ ನೀರು ಹಾಕಿಸುವುದು. ಮಾತನಾಡುತ್ತಿದ್ದಷ್ಟು ಹೊತ್ತೂ ಅವರ ಬಲಗೈ ತಮ್ಮ ಅಂಗಿಯ ಎದೆಯ ಬಳಿ ಒಂದೇ ಜಾಗವನ್ನು ಸವರುತ್ತಿತ್ತು. ಅಪ್ಪಗಳು ಆ ಕೈಯನ್ನೇ ನೋಡುತ್ತಿದ್ದರು.

"ಕೂಸಿನ ಹೆಸರೇನ್ರಿ?"

"ಮುಕ್ತಾ."

ಅಪ್ಪಗಳು ಕಣ್ಣು ಮುಚ್ಚಿದರು. ಅಪ್ಪಣೆ ಸಿಗುವುದಿಲ್ಲವೆಂದು ಗೌಡರಿಗೆ ಖಾತ್ರಿಯಾಗಿತ್ತು, ಎಷ್ಟು ಜನರನ್ನು ಹೀಗೆ ಹಿಂದಕ್ಕೆ ಕಳಿಸಿದ್ದನ್ನು ಅವರು ಕಂಡಿಲ್ಲ! ಆದರೆ ಅಪ್ಪಗಳು ಕಣ್ಣು ತೆರೆದು, "ಆಗ್ಲಿ, ಹಚ್ರಿ," ಎಂದರು. "ಆಳು ಬರೂದಕ್ಕ ಮೊದಲ, ತಗ್ಗಿನ ಗುರುತು ಮಾತ್ರ ನೀವಽ ಹಾಕಬೇಕು, ನಿಮ್ಮ ಕೈಯಾರೆ. ಕಾಲ್ಮರಿ ಕಲ್ಲಿನ ಮ್ಯಾಲೆ ಬಿಡ್ರಿ."

ಅಷ್ಟೇ. ಮತ್ತೆ ಸೂಜಿ ಕೈಗೆತ್ತಿಕೊಂಡರು. ಅಂದು ಊರಲ್ಲೆಲ್ಲ ಇದೇ ಮಾತು. ಅಪ್ಪಗಳ ಮನಸ್ಸು ಏಕೆ ತಿರುಗಿತು? ಸಾವಕಾರರ ದುಡ್ಡಿಗೆ ಮಠವೂ ಬಾಗಿತು ಎಂದು ನಾಲಿಗೆ ಹರಿಬಿಟ್ಟವರೂ ಇದ್ದರು. ಅಪ್ಪಗಳ ಕಿವಿಗೆ ಅದು ಬಿದ್ದಿರಲಿಕ್ಕೂ ಸಾಕು. ಅವರು ಎಂದಿನಂತೆ ಪೂಜೆ ಮುಗಿಸಿ ರೊಟ್ಟಿ ತಿಂದರು.

ಮರುದಿನ ಬಿಸಿಲು ಏರುವ ಮೊದಲೇ ಸಾವಕಾರರು ಬಂದರು. ಹೆಗಲಿಗೆ ಬಿದಿರು ಗೂಟಗಳ ಕಟ್ಟು, ಕೈಯಲ್ಲಿ ಗೂಟ ಬಡಿಯಲು ಒಂದು ಕೊಡತಿ. ಕಲ್ಲಿನ ಬಳಿ ಬಂದು ನಿಂತು, ಇದೆಂಥ ಹುಚ್ಚು ಪದ್ಧತಿ ಎಂದು ಗೊಣಗುತ್ತ ಕಾಲ್ಮರಿ ಬಿಟ್ಟರು. ಪೇಟೆಯ ಮನುಷ್ಯರು, ಬರಿಗಾಲಿನಲ್ಲಿ ನಡೆದು ಎಷ್ಟು ಕಾಲವಾಗಿತ್ತೋ. ಮೊದಲ ನಾಲ್ಕು ಹೆಜ್ಜೆಗೇ ನೆಗ್ಗಿಲಮುಳ್ಳು ಅಂಗಾಲಿಗೆ ಚುಚ್ಚಿತು. ಕುಂಟುತ್ತ ಕುಳಿತು ಕಿತ್ತರು. ಮುಂದೆ ಇನ್ನೊಂದು. ಆಮೇಲೆ ಕಣ್ಣನ್ನು ನೆಲದಿಂದ ಎತ್ತುವ ಧೈರ್ಯವೇ ಆಗಲಿಲ್ಲವಂತೆ.

ಆಗ ಅವರಿಗೊಂದು ವಿಚಿತ್ರ ಗಮನಕ್ಕೆ ಬಂತು. ದೂರದಿಂದ ಒಂದೇ ಆಗಿ ಕಂಡಿದ್ದ ಹುಲ್ಲು ಒಂದಾಗಿರಲಿಲ್ಲ. ಒಂದರ ತೆನೆ ನರಿಬಾಲದ ಹಾಗೆ, ಒಂದರದು ಸೂಜಿಯ ಹಾಗೆ, ಇನ್ನೊಂದನ್ನು ತುಳಿದರೆ ನಿಂಬೆಯ ವಾಸನೆ. ಹುಲ್ಲಿನ ಬುಡದಲ್ಲಿ ಇರುವೆಗಳು ಕಾಳು ಹೊತ್ತು ಸಾಗುವ ಹಾದಿ, ಹಾದಿಗೊಂದು ಬಾಗಿಲು, ಬಾಗಿಲ ಸುತ್ತ ಹೊಟ್ಟು ಚೆಲ್ಲಿದ ಬಳೆ. ಒಂದು ಕಡೆ ಮೊಲ ಮಲಗಿ ಎದ್ದುಹೋದ ಮೆತ್ತನೆಯ ತಗ್ಗು, ಅದಿನ್ನೂ ಬೆಚ್ಚಗಿತ್ತು. ಕೃಷ್ಣಮೃಗಗಳು ದಿನಾಲೂ ಬಂದು ಹಿಕ್ಕೆ ಹಾಕುವ ಗುಂಪೆಗಳು. ಸಾವಕಾರರು ನಡುನಡುವೆ ಗೂಟ ಹುಗಿಯುತ್ತ ಹೋದರು. ಆದರೆ ಹುಗಿಯುವುದಕ್ಕಿಂತ ಬಗ್ಗಿ ನೋಡುವುದೇ ಹೆಚ್ಚಾಯಿತು. ಮಗಳು ಹೋದ ಮೇಲೆ ಯಾವುದನ್ನೂ ಹಾಗೆ ನೋಡಿರಲಿಲ್ಲ ಎಂದು ಅವರು ನನಗೆ ಹೇಳಿದರು.

ಇನ್ನೊಂದು ಗೂಟ ಹುಗಿದು ಎದ್ದು ನಿಂತರೋ ಇಲ್ಲವೋ, ಎದುರಿಗೇ ಒಂದು ಹಕ್ಕಿ ದೊಪ್ಪನೆ ಬಿತ್ತು. ಉದ್ದ ಕಾಲಿನ, ಮಣ್ಣಿನ ಬಣ್ಣದ ಟಿಟ್ಟಿಭ. ಒಂದು ರೆಕ್ಕೆ ಮುರಿದು ಜೋತುಬಿದ್ದಿತ್ತು. ನೆಲದ ಮೇಲೆ ಅದನ್ನು ಎಳೆಯುತ್ತ, ಒದ್ದಾಡುತ್ತ, ಕೀರಲು ದನಿಯಲ್ಲಿ ಅರಚುತ್ತಿತ್ತು. ತಮ್ಮ ಕೊಡತಿಯೇ ತಾಗಿತೇನೋ ಎಂದು ಸಾವಕಾರರು ಅದನ್ನು ಅಲ್ಲೇ ಬಿಸುಟರು. ಹಿಡಿಯಲು ಹೋದರೆ ಹಕ್ಕಿ ಎರಡು ಮಾರು ಮುಂದೆ ತೆವಳಿತು. ಮತ್ತೆ ಹೋದರು, ಮತ್ತೆ ತೆವಳಿತು. ಮುಳ್ಳನ್ನೂ ಮರೆತು ಅದರ ಹಿಂದೆ ಓಡಿದರು. ಆ ಮನುಷ್ಯ, ಎರಡೂ ಕೈ ಚಾಚಿಕೊಂಡು, "ನಿಲ್ಲು, ನಿಲ್ಲು, ಏನೂ ಮಾಡೂದಿಲ್ಲ," ಎನ್ನುತ್ತ ಕಾವಲಿನ ಆ ತುದಿಯವರೆಗೂ ಹೋದರು. ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಹಕ್ಕಿ ಎರಡೂ ರೆಕ್ಕೆ ಬಿಚ್ಚಿ, ಏನೂ ಆಗದ ಹಾಗೆ, ಆಕಾಶಕ್ಕೆ ಏರಿ ಹಾರಿಹೋಯಿತು.

ಸಾವಕಾರರು ಬೆವರು ಒರೆಸಿಕೊಂಡು ನಿಂತರು. ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಒಂದು ಹಕ್ಕಿಯೂ ತಮ್ಮನ್ನು ಆಟ ಆಡಿಸಿತಲ್ಲ! ಉಳಿದ ಗೂಟಗಳನ್ನು ಅಲ್ಲೇ ಒಗೆದು, ಕುಂಟುತ್ತ ಕಟ್ಟೆಗೆ ಬಂದರು. ಅಂಗಾಲಲ್ಲಿ ರಕ್ತ ಒಸರುತ್ತಿತ್ತು. ಅಪ್ಪಗಳು ತಾವೇ ಎದ್ದು ಒಂದು ತಂಬಿಗೆ ನೀರು ತಂದುಕೊಟ್ಟರು.

"ಏನ್ ಕಾವಲ್ರೀ ನಿಮ್ದು! ತುಂಬಾ ಮುಳ್ಳು. ಅದೂ ಹೋಗ್ಲಿ, ಅಲ್ಲೊಂದು ಹಕ್ಕಿ, ಸಾಯಾಕ ಬಿದ್ದಂಗ ಮಾಡಿ ನನ್ನ ಊರೆಲ್ಲಾ ಓಡಾಡಿಸ್ತು. ಕಡೀಕ ನೋಡಿದ್ರ ರೆಕ್ಕಿಗೆ ಏನೂ ಆಗಿಲ್ಲ. ಅದಕ ನನ್ನ ಮ್ಯಾಲೆ ಏನ್ ಹಗೆ? ಯಾಕ ಮೋಸ ಮಾಡ್ತು?"

ಅಪ್ಪಗಳು ಅವರ ಮುಖವನ್ನೇ ನೋಡಿ ಮೆಲ್ಲನೆ ಅಂದರು: "ಅಕಿಗೂ ಮಕ್ಕಳದಾವ, ತಮ್ಮಾ."

ಸಾವಕಾರರಿಗೆ ತಕ್ಷಣ ತಿಳಿಯಲಿಲ್ಲ. ಅಪ್ಪಗಳು ಕಟ್ಟೆ ಇಳಿದು ಕಾವಲಿನತ್ತ ನಡೆದರು. ಇವರು ಹಿಂದೆ ನಡೆದರು. ಅಪ್ಪಗಳ ನಡಿಗೆ ಎಂದೂ ಹಾಗೆಯೇ, ತಲೆ ತಗ್ಗಿಸಿ, ನೆಲ ನೋಡುತ್ತ. ಅದು ವಿನಯವೆಂದು ನಾವೆಲ್ಲ ತಿಳಿದಿದ್ದೆವು. ವಿನಯವೂ ಹೌದು. ಹಕ್ಕಿ ಬಿದ್ದ ಜಾಗದ ಹತ್ತಿರ, ಕೊನೆಯ ಗೂಟದ ಬಳಿ ಬಂದು ಅವರು ಮೊಣಕಾಲೂರಿ ಕುಳಿತರು, ಬೆರಳು ತೋರಿಸಿದರು.

ಮೊದಲು ಬರೀ ಗರಸು ಕಂಡಿತು. ದಿಟ್ಟಿಸಿ ನೋಡಿದ ಮೇಲೆ, ಗರಸಿನ ಬಣ್ಣದವೇ ಆದ ನಾಲ್ಕು ತತ್ತಿಗಳು. ಗೂಡೆಂದರೆ ಗೂಡಿಲ್ಲ, ಬೊಗಸೆಯಷ್ಟು ತಗ್ಗು, ಸುತ್ತ ಒಂದಿಷ್ಟು ಕಲ್ಲಿನ ಹರಳು. ಗೂಟದಿಂದ ಒಂದು ಗೇಣು ದೂರ. ತಗ್ಗು ತೋಡುವ ಹಾರೆ ಬಿದ್ದರೆ ಬೀಳುವುದು ಸರಿಯಾಗಿ ಅಲ್ಲಿಯೇ. ಪಕ್ಕದಲ್ಲಿ ನೆಗ್ಗಿಲಮುಳ್ಳಿನ ಒಣಬಳ್ಳಿ ಹರಡಿತ್ತು. ಸಾವಕಾರರ ಬರಿಗಾಲಿನ ಗುರುತು ಆ ಬಳ್ಳಿಯವರೆಗೂ ನೆಟ್ಟಗೆ ಬಂದು, ಮುಳ್ಳಿಗೆ ಹೆದರಿ ಹೊರಳಿ, ತತ್ತಿಗಳನ್ನು ಬಳಸಿ ಆಚೆಗೆ ಹೋಗಿತ್ತು.

"ಕಾಲ್ಮರಿ ಬ್ಯಾಡ ಅನ್ನೂದು ಇದಕ್ಕ ನೋಡ್ರಿ," ಎಂದರು ಅಪ್ಪಗಳು.

ಮುದುಕಿಯರ ಸಿದ್ಧರೂ ಇಲ್ಲ, ಗೌಡರ ಕುರುವೂ ಇಲ್ಲ. ಬರಿಗಾಲಿನವನು ಕೆಳಗೆ ನೋಡಿ ನಡೆಯುತ್ತಾನೆ, ಅಷ್ಟೇ. ಇಷ್ಟು ಸರಳವಾದದ್ದು ನಮಗಾರಿಗೂ ಹೊಳೆದಿರಲಿಲ್ಲವಲ್ಲ ಎಂದು ನೆನೆದಾಗ ನನಗೆ ಈಗಲೂ ಸೋಜಿಗವೆನಿಸುತ್ತದೆ.

ಸಾವಕಾರರು ಮಾತ್ರ ಕಾಲ್ಮರಿಯ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರ ಕಣ್ಣು ತತ್ತಿಗಳ ಮೇಲೆ ನೆಟ್ಟಿತ್ತು. ಸ್ವಲ್ಪ ದೂರದಲ್ಲಿ ಆ ತಾಯಿ ಮತ್ತೆ ನೆಲಕ್ಕೆ ಬಿದ್ದು, ರೆಕ್ಕೆ ಎಳೆಯುತ್ತ, ಇತ್ತ ಬನ್ನಿ, ನನ್ನನ್ನು ಹಿಡಿಯಿರಿ ಎಂದು ಒದ್ದಾಡುತ್ತಿತ್ತು. ಅದನ್ನು ನೋಡಿದರು. ಬಲಗೈ ತಾನಾಗಿ ಅಂಗಿಯ ಎದೆಗೆ ಹೋಯಿತು. ಮಗಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಆ ಮನುಷ್ಯ, ಕಾವಲಿನ ನಡುವೆ ಕುಸಿದು ಕುಳಿತು, ಚಿಕ್ಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತರು.

"ಯಪ್ಪಾ, ನನಗ ಇಷ್ಟೂ ಆಗಲಿಲ್ಲ. ಸಾವು ಮನಿಗೆ ಬಂದಾಗ, ಆ ಕೂಸಿನ್ನ ಬಿಡು, ಇಲ್ಲಿ ಬಾ, ನನ್ನ ಹಿಡಿ ಅನ್ನಾಕ ಬರಲಿಲ್ಲ ನನಗ. ಈ ಹಕ್ಕೀಗೆ ಬರ್ತೈತಿ, ನನಗ ಬರಲಿಲ್ಲ."

ಅಪ್ಪಗಳು ಅವರ ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೂ ಬಿಸಿಲಿನಲ್ಲಿಯೇ ಕುಳಿತಿದ್ದರು. ಆಮೇಲೆ ಇಬ್ಬರೂ ಹಿಂದಕ್ಕೆ ಸರಿದರು. ಅವರು ಸಾಕಷ್ಟು ದೂರ ಹೋಗುತ್ತಲೇ ಹಕ್ಕಿ ಗುಡುಗುಡು ಓಡಿಬಂದು ತತ್ತಿಗಳ ಮೇಲೆ ಕುಳಿತಿತು. ಬಿಸಿಲಿಗೆ ತತ್ತಿ ಬೇಯದ ಹಾಗೆ ರೆಕ್ಕೆ ಬಿಡಿಸಿ ನೆರಳು ಮಾಡಿತು.

ಆದರೂ ಸಾವಕಾರರು ಸಾವಕಾರರೇ, ಹಿಡಿದದ್ದನ್ನು ಅಷ್ಟು ಬೇಗ ಬಿಡುವವರಲ್ಲ. ಕಣ್ಣೊರೆಸಿಕೊಂಡು ಕೇಳಿದರು: "ಯಪ್ಪಾ, ತತ್ತಿ ಇದ್ದಲ್ಲಿ ಬಿಟ್ಟು ಬ್ಯಾರೆ ಕಡೆ ಹಚ್ತೀನಿ. ಗಿಡ ದೊಡ್ಡವಾದ್ರ ಹಕ್ಕೀಗೂ ಚೊಲೋ ಅಲ್ಲೇನ್ರಿ?"

"ಗಿಡದ ಹಕ್ಕೀಗೆ ಚೊಲೋ. ಇಕಿ ನೆಲದಾಕಿ. ಗಿಡ ಬಂದ್ರ ಅದರ ಮ್ಯಾಲೆ ಕಾಗಿ ಬಂದು ಕುಂದರತಾವ, ಗಿಡುಗ ಬಂದು ಕುಂದರತಾವ. ಕುಂತಲ್ಲಿಂದ ತತ್ತಿ ಕಾಣಸ್ತಾವ. ಆಮ್ಯಾಲೆ ಇಕಿ ಎಲ್ಲಿ ಹೋಗ್ಬೇಕು?"

"ಮುಕ್ತಾಗ ಮಾತು ಕೊಟ್ಟೀನ್ರಿ ಯಪ್ಪಾ, ಅಡವಿ ಮಾಡ್ತೀನಂತ."

ಅಪ್ಪಗಳು ಅವರನ್ನು ಕಾವಲಿನ ಅಂಚಿನ ಹಳ್ಳಕ್ಕೆ ಕರೆದೊಯ್ದರು. ಹಿಂದಿನ ಮಳೆಗಾಲದಲ್ಲಿ ಅದರ ಒಂದು ದಂಡೆ ಕುಸಿದು, ನೆಲ ಗೋಡೆಯ ಹಾಗೆ ಕಡಿದು ನಿಂತಿತ್ತು. ಮೇಲೆ ಮೊಣಕಾಲೆತ್ತರದ ಒಣ ಹುಲ್ಲು. ಕೆಳಗೆ, ಆ ಹುಲ್ಲಿನದೇ ಬೇರುಗಳು ಆಳಿನೆತ್ತರಕ್ಕೂ ಮೀರಿ ಇಳಿದು, ಒಂದರೊಳಗೊಂದು ಹೆಣೆದು, ಮಣ್ಣನ್ನು ಅಪ್ಪಿ ಹಿಡಿದಿದ್ದವು. ಅಷ್ಟು ಬೇಸಿಗೆಯಲ್ಲೂ ದಂಡೆಯ ಬುಡದಲ್ಲಿ ತಂಪಾಗಿ ನೀರು ಜಿನುಗುತ್ತಿತ್ತು. ಕಲ್ಲಕೊಪ್ಪದ ಸಿಹಿನೀರಿನ ಬಾವಿ ಬತ್ತದಿರುವುದು ಅಪ್ಪಗಳ ತಪಸ್ಸಿನಿಂದ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಅಪ್ಪಗಳು ಆ ಬೇರುಗಳಿಗೆ ಕೈ ಮುಗಿದರು.

"ಅಡವಿ ಐತಿ, ತಮ್ಮಾ. ಕೆಳಗ ಬೆಳದೈತಿ."

ಸಾವಕಾರರು ಬಹಳ ಹೊತ್ತು ಆ ಬೇರುಗಳ ಮೇಲೆ ಕೈಯಾಡಿಸುತ್ತ ನಿಂತರು. ಕಡೆಗೆ ಸೋತ ದನಿಯಲ್ಲಿ, "ಹಂಗಾರ ನನ್ನ ಸಸಿ ಏನ್ ಮಾಡ್ಲಿ? ನಾಳೆ ಲಾರಿ ಬರ್ತೈತಿ," ಎಂದರು.

"ಮುಕ್ತಾ ಎಲ್ಲಿ ಆಡ್ತಿತ್ತು?"

"ಜಿನ್ನಿನ ಅಂಗಳದಾಗ."

"ಅಲ್ಲಿ ಗಿಡ ಇಲ್ಲೇನು?"

ಸಾವಕಾರರು ತಲೆ ಎತ್ತಲಿಲ್ಲ. "ಇದ್ವು," ಎಂದರು.

ಜಿನ್ನಿನ ಅಂಗಳದಲ್ಲಿ ಅವರ ತಂದೆಯ ಕಾಲದ ಬೇವಿನ ಸಾಲೊಂದಿತ್ತು. ಮನೆಗೂ ಜಿನ್ನಿಗೂ ನಡುವೆ ಅದು ಗೋಡೆಯಾಗಿ ನಿಂತಿತ್ತು. ಹತ್ತಿಯ ರಾಶಿ ಹಾಕಲು ಜಾಗ ಸಾಲದೆಂದು, ಮುಕ್ತಾ ತೊಟ್ಟಿಲಲ್ಲಿದ್ದಾಗ ಅದನ್ನು ಕಡಿಸಿದ್ದರು. ಅಡವಿ ಮಾಡಲು ಜಾಗ ಹುಡುಕುತ್ತ ತಾಲೂಕೆಲ್ಲ ಅಲೆದ ಮನುಷ್ಯನಿಗೆ, ತನ್ನ ಅಂಗಳ ಮಾತ್ರ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ನಮಗೆ ಬೇಡವಾದ ನೆಲವೆಲ್ಲ ನಮಗೆ ಖಾಲಿಯಾಗಿ ಕಾಣುತ್ತದೆ.

ಸಾವಕಾರರು ಅಂದೇ ತಾವು ಹುಗಿದ ಗೂಟಗಳನ್ನೆಲ್ಲ, ಕೆಳಗೆ ನೋಡುತ್ತ, ಒಂದೊಂದಾಗಿ ಕಿತ್ತುಕೊಂಡರು. ಹೊರಡುವಾಗ ಅಪ್ಪಗಳಿಗೆ ಅಡ್ಡಬಿದ್ದು ಒಂದು ಪ್ರಶ್ನೆ ಕೇಳಿದರಂತೆ: "ಯಪ್ಪಾ, ನಾ ಏನೂ ನೋಡ್ದಽ ಗುರುತು ಹಾಕಿ ಬಂದಿದ್ರ ಏನ್ ಮಾಡ್ತಿದ್ರಿ?"

"ಮಾತು ಕೊಟ್ಟಿದ್ದೆ. ಹಚ್ಚಾಕ ಬಿಡ್ತಿದ್ದೆ," ಎಂದರು ಅಪ್ಪಗಳು. "ಮಕ್ಕಳನ್ನ ಕಳಕೊಂಡವರು ನೋಡ್ದಽ ಹೋಗೂದಿಲ್ಲ ಅಂತ ಒಂದು ನಂಬಿಗಿ ಇತ್ತು."

ಮರುದಿನ ಬಂದ ಸಸಿಯ ಲಾರಿ ಕಾಲ್ಮರಿ ಕಲ್ಲಿನ ಬಳಿಯಿಂದಲೇ ಹಿಂದಕ್ಕೆ ತಿರುಗಿತು. ದ್ಯಾಮನಗೌಡರು ಕೈ ಹಿಸುಕಿಕೊಂಡು, "ಕೈಗೆ ಬಂದ ನೆರಳು ಹೋತಲ್ರೀ ಅಪ್ಪಾರ!" ಎಂದು ಪೇಚಾಡಿದರು. ಅಪ್ಪಗಳು ಕಂಬಳಿಯ ಮೇಲೆ ಬದಿಗೆ ಸರಿದು ಕುಳಿತು, "ಬರ್ರಿ ಗೌಡ್ರ, ಮಾಳಿಗಿ ಕೆಳಗ ಬೇಕಾದಷ್ಟು ನೆರಳೈತಿ," ಎಂದು ತಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಗೌಡರು ನಗಬೇಕೋ ಅಳಬೇಕೋ ತಿಳಿಯದೆ ಕುಳಿತರು.

ಪೇಟೆಯಲ್ಲಿ ಜಿನ್ನಿನ ಅಂಗಳ ತೆರವಾಯಿತು. ಹತ್ತಿಯ ರಾಶಿಗಳು ಊರಾಚೆಯ ಗೋದಾಮಿಗೆ ಹೋದವು. ಸಾವಕಾರರಿಗೆ ತಲೆ ಕೆಟ್ಟಿದೆ ಎಂದು ವ್ಯಾಪಾರಸ್ಥರು ಆಡಿಕೊಂಡರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಜಿನ್ನಿನ ಸುತ್ತ, ಓಣಿಗಳ ಉದ್ದಕ್ಕೆ, ಶಾಲೆಯ ಮುಂದೆ ಬೇವು, ಹೊಂಗೆ ಎದ್ದು ನಿಂತವು. ನೀಲಗಿರಿಯನ್ನು ಮಾತ್ರ ಸಸಿ ಮಾರಿದವನಿಗೇ ತಿರುಗಿ ಕೊಟ್ಟರು. ಇಂದು ಆ ಓಣಿಗಳಲ್ಲಿ ಸುಗ್ಗಿಯ ಕಾಲಕ್ಕೂ ಮಕ್ಕಳು ಆಡುವುದನ್ನು ನಾನು ಕಂಡಿದ್ದೇನೆ. ಬೇವಿನ ಎಲೆಗಳ ಮೇಲೆ ಬಿಳಿಯ ದೂಳು ಕುಳಿತಿರುತ್ತದೆ, ಮಳೆ ಬಂದು ತೊಳೆಯುತ್ತದೆ.

ಅಪ್ಪಗಳು ಲಿಂಗೈಕ್ಯರಾದ ಮೇಲೂ ಸಾವಕಾರರು ವರ್ಷವರ್ಷವೂ ರೋಹಿಣಿ ಮಳೆಗೆ ಮುಂಚೆ ಕಲ್ಲಕೊಪ್ಪಕ್ಕೆ ಬರುತ್ತಿದ್ದರು. ಒಮ್ಮೆ ನಾನು ಅವರ ಜೊತೆ ಕಾವಲಿಗೆ ಹೋದೆ. ಈ ಪ್ರಸಂಗವನ್ನೆಲ್ಲ ಅವರು ಹೇಳಿದ್ದು ಆ ದಿನವೇ. ತಲೆ ಪೂರ್ತಿ ನರೆತಿತ್ತು, ಕೈಯಲ್ಲಿ ಕೋಲು ಬಂದಿತ್ತು. ಕಲ್ಲಿನ ಬಳಿ ಬಗ್ಗಿ ಕಾಲ್ಮರಿಯನ್ನು ಜೋಡಿಸಿಟ್ಟರು, ಗುಡಿಯ ಬಾಗಿಲಲ್ಲಿ ಇಡುವ ಹಾಗೆ. "ಕೆಳಗ ನೋಡಿ ಬರ್ರಿ," ಎಂದು ನನಗೆ ಎಚ್ಚರಿಕೆ ಹೇಳಿದರು.

ಸ್ವಲ್ಪ ದೂರ ಹೋಗಿರಬೇಕು. ಎದುರಿಗೆ ಒಂದು ಟಿಟ್ಟಿಭ ದೊಪ್ಪನೆ ಬಿದ್ದು, ರೆಕ್ಕೆ ಜೋತುಬಿಟ್ಟು, ಎದೆ ಬಿರಿಯುವ ಹಾಗೆ ಅರಚತೊಡಗಿತು. ಎಲ್ಲ ಕೇಳಿ ತಿಳಿದಿದ್ದರೂ ನನ್ನ ಕಾಲು ತಾನಾಗಿ ಅದರತ್ತ ಒಂದು ಹೆಜ್ಜೆ ಇಟ್ಟಿತು. ಸಾವಕಾರರು ನನ್ನ ತೋಳು ಹಿಡಿದು ನಿಲ್ಲಿಸಿದರು. ಕೋಲನ್ನು ನೆಲಕ್ಕೆ ಇಳಿಸಿ, ಆ ಹಕ್ಕಿಗೆ ಎರಡೂ ಕೈ ಜೋಡಿಸಿದರು. ಯಾವ ದೇವರ ಮುಂದೆಯೂ ಬಾಗದಿದ್ದ ತಲೆ ಬಾಗಿತ್ತು.

"ಹೆದರಬ್ಯಾಡವಾ," ಎಂದರು. "ನಿನ್ನ ಮಕ್ಕಳಿಗೆ ಏನೂ ಆಗೂದಿಲ್ಲ. ನಾವು ಹೊಂಟ್ವಿ."

ಬಂದ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಟ್ಟು ಇಬ್ಬರೂ ಹಿಂದಕ್ಕೆ ನಡೆದೆವು. ಹಿಂದೆ ಅರಚಾಟ ನಿಂತಿತು. ತಾಯಿ ತತ್ತಿಗೆ ಹೋಗಿ ಕುಳಿತಿರಬೇಕು. ನಾವು ತಿರುಗಿ ನೋಡಲಿಲ್ಲ, ನೆಲ ನೋಡುತ್ತಿದ್ದೆವು.